ಬೋಲ್ಟ್ ಮುಚ್ಚಿಕೊಂಡರೆ ಸಾಕಾ?

ನಮ್ಮ ಶೂಟಿಂಗ್ ರೇಂಜ್‌ನಲ್ಲಿ ನನಗೊಂದು ಅಡ್ಡಹೆಸರಿದೆ: ಡಬ್ಬಿ ಮೇಡಂ. ಯಾರೇ ರೈಫಲ್ ಹಿಡಿದು ಬಂದರೂ ನಾನು ಮೊದಲು ಕೇಳುವುದು ತೋಟಾ ಡಬ್ಬಿಯನ್ನು. ಡಬ್ಬಿ ಮೇಲಿನ ಹೆಸರು ಓದುತ್ತೇನೆ. ಬ್ಯಾರೆಲ್ ಮೇಲೆ ಕೆತ್ತಿರುವುದನ್ನು ಓದುತ್ತೇನೆ. ಒಂದು ತೋಟಾ ತೆಗೆದು ಅದರ ತಳ ತಿರುಗಿಸಿ ನೋಡುತ್ತೇನೆ. ಮೂರೂ ಒಂದೇ ಮಾತು ಹೇಳಿದರೆ ಒಳಗೆ ಬಿಡುತ್ತೇನೆ. ಇದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆದರೂ ಗೊಣಗುವವರು ಗೊಣಗುತ್ತಲೇ ಇರುತ್ತಾರೆ. ಜಾಸ್ತಿ ಕೇಳಿಬರುವ ಮಾತು ಇದು: "ಮೇಡಂ, ಮನೆಯಲ್ಲೇ ಹಾಕಿ ನೋಡಿದ್ದೀನಿ. ಬೋಲ್ಟ್ ಆರಾಮಾಗಿ ಮುಚ್ಚಿಕೊಳ್ಳುತ್ತೆ. ಮತ್ತೇನು ನೋಡೋದು?" ಬೋಲ್ಟ್ ಅಂದರೆ ತೋಟಾದ ಹಿಂದೆ ಬಂದು ಮುಚ್ಚಿಕೊಳ್ಳುವ ಉಕ್ಕಿನ ಅಗುಳಿ.

ಮನೆಯಲ್ಲಿ ಜೀವಂತ ತೋಟಾ ಚೇಂಬರ್‌ಗೆ (ಬ್ಯಾರೆಲ್ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿಗೆ) ಹಾಕಿ ನೋಡಿದರು ಅನ್ನುವುದೇ ಬೇರೆ ಜಗಳ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಇವತ್ತು ಆ "ಮತ್ತೇನು" ಬಗ್ಗೆ ಮಾತ್ರ.

ಟ್ರಿಗರ್ ಒತ್ತಿದಾಗ ಒಳಗೆ ಏನಾಗುತ್ತದೆ ನೋಡಿ. ಪಿನ್ ಹೋಗಿ ಪ್ರೈಮರ್‌ಗೆ, ಅಂದರೆ ತೋಟಾದ ತಳದಲ್ಲಿರುವ ಕಿಡಿಮದ್ದಿಗೆ ಬಡಿಯುತ್ತದೆ. ಮದ್ದು ಹೊತ್ತಿಕೊಳ್ಳುತ್ತದೆ, ಅನಿಲ ಉಕ್ಕುತ್ತದೆ, ಗುಂಡು ಮುಂದಕ್ಕೆ ಓಡುತ್ತದೆ. .270 ವಿಂಚೆಸ್ಟರ್ ತೋಟಾಗೆ ನಿಗದಿಯಾಗಿರುವ ಗರಿಷ್ಠ ಒತ್ತಡ 65,000 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅಂತ). ಕಾರಿನ ಟೈರ್‌ಗೆ ನಾವು ಹಾಕಿಸುವುದು 32ರ ಆಸುಪಾಸು. ಅಂದರೆ ಅದರ ಸುಮಾರು 2000 ಪಟ್ಟು, ಅದೂ ನಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಇದನ್ನು ತಡೆದುಕೊಳ್ಳುವುದು ಉಕ್ಕಿನ ಚೇಂಬರ್ ಮತ್ತು ಬೋಲ್ಟ್. ಆದರೆ ಅನಿಲ ಹಿಂದಕ್ಕೆ ನುಗ್ಗದ ಹಾಗೆ ಬಾಗಿಲು ಮುಚ್ಚುವುದು ಹಿತ್ತಾಳೆಯ ಕೇಸ್, ಅಂದರೆ ತೋಟಾದ ಹೊರಕವಚ. ಒತ್ತಡಕ್ಕೆ ಅದು ಉಬ್ಬಿ ಚೇಂಬರ್ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಒಂಚೂರು ಕುಗ್ಗಿ ಸಲೀಸಾಗಿ ಈಚೆ ಬರುತ್ತದೆ. ಸುತ್ತಲೂ ಗೋಡೆ ಹತ್ತಿರದಲ್ಲೇ ಇದ್ದರೆ ಮಾತ್ರ ಹಿತ್ತಾಳೆ ಈ ಕೆಲಸ ಮಾಡುತ್ತದೆ. ಗೋಡೆ ದೂರವಿದ್ದರೆ ಉಬ್ಬಿ ಉಬ್ಬಿ ಹರಿಯುತ್ತದೆ.

ಎಷ್ಟು ದೂರ ಅಂದರೆ ದೂರ? .308 ವಿಂಚೆಸ್ಟರ್ ಚೇಂಬರ್ ಅಳೆಯಲು ಎರಡು ಗೇಜ್ ಇವೆ. 'ಗೋ' ಗೇಜ್ 1.630 ಇಂಚು, 'ನೋ-ಗೋ' 1.634 ಇಂಚು. ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಎರಡರ ನಡುವಿನ ವ್ಯತ್ಯಾಸ 0.1 ಮಿಲಿಮೀಟರ್. ಈ ಗೇಜ್‌ಗಳು ಅಳೆಯುವುದು ಬೋಲ್ಟ್ ಮುಖದಿಂದ ಚೇಂಬರ್‌ನ ಭುಜದವರೆಗಿನ (ಕತ್ತಿನ ಕಡೆಗೆ ಸಣ್ಣದಾಗುವ ಜಾಗದವರೆಗಿನ) ದೂರವನ್ನು; ಅದಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಇಷ್ಟು ಸಣ್ಣ ಅಳತೆಗೆ ಗೇಜ್ ಮಾಡಿಟ್ಟುಕೊಂಡಿರುವಾಗ, ಬೇರೆಯದೇ ತೋಟಾ ತಂದು ತುರುಕಿ "ಕೂತ್ಕೊಂಡ್ತು" ಅಂದರೆ ನಾನು ಏನು ಹೇಳಲಿ?

ಅದರಲ್ಲೂ ಬೋಲ್ಟ್ ಮುಚ್ಚದೇ ಹೋದರೆ ನನಗೆ ಭಯವಿಲ್ಲ. ಅಲ್ಲಿ ರೈಫಲ್ಲೇ ಬೇಡ ಅಂದಿರುತ್ತದೆ. ಅದರ ಮೇಲೆ ಅಂಗೈಯಿಂದ ಗುದ್ದುವವರೂ ಇದ್ದಾರೆ, ಇರಲಿ. ನಿದ್ದೆ ಕೆಡಿಸುವುದು ಸಲೀಸಾಗಿ ಮುಚ್ಚಿಕೊಳ್ಳುವ ಜೋಡಿಗಳು.

ನನ್ನ ಪಟ್ಟಿಯಲ್ಲಿ ಮೇಲಿರುವುದು .270 ರೈಫಲ್‌ನಲ್ಲಿ .308 ತೋಟಾ. ಎರಡೂ ವಿಂಚೆಸ್ಟರ್ ಹೆಸರಿನವೇ. ತಳದ ಅಗಲ ಒಂದೇ, ಆದ್ದರಿಂದ ಬೋಲ್ಟ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. .308ರ ಕೇಸ್ 51 ಮಿಲಿಮೀಟರ್ ಉದ್ದ, .270ರದು 64ಕ್ಕಿಂತ ಒಂಚೂರು ಜಾಸ್ತಿ. ಗಿಡ್ಡ ತೋಟಾ ಉದ್ದ ಚೇಂಬರ್‌ಗೆ ಇಳಿಯುತ್ತದೆ, ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ .308ರ ಗುಂಡು ದಪ್ಪ ಅಲ್ವಾ, ಅದು ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡು ಬೋಲ್ಟ್ ತಡೆಯಬೇಕಲ್ಲ? ತಡೆಯುವುದಿಲ್ಲ. ಯಾಕೆ ಅಂದರೆ .270 ತೋಟಾದ ಕತ್ತಿನ ಹೊರ ಅಳತೆ ಸರಿಯಾಗಿ .308 ಇಂಚು! ಆ ಕತ್ತು ಕೂರುವುದಕ್ಕೆ ಚೇಂಬರ್‌ನಲ್ಲಿ ಕೊರೆದಿರುವ ಜಾಗ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದು. .308 ಗುಂಡು ಅದರೊಳಗೆ ತನಗೇ ಮಾಡಿಸಿದ ಹಾಗೆ ಹೋಗಿ ಕೂರುತ್ತದೆ. ಬೋಲ್ಟ್ ಮುಚ್ಚುತ್ತದೆ. ಅಲ್ಲಿಂದ ಮುಂದೆ ಇರುವ ಬ್ಯಾರೆಲ್ .277 ಇಂಚಿನದು. ದಪ್ಪ ಗುಂಡು ಆ ಸಣ್ಣ ಕೊಳವೆಯಲ್ಲಿ ಹಿಂಡಿಕೊಂಡು ಹೋಗಬೇಕು. ಅದು ತಡವರಿಸುವಷ್ಟು ಹೊತ್ತು ಹಿಂದೆ ಮದ್ದು ಉರಿಯುತ್ತಲೇ ಇರುತ್ತದೆ, ಒತ್ತಡ ಏರುತ್ತಲೇ ಇರುತ್ತದೆ. ಇತ್ತ ಕೇಸ್‌ನ ಭುಜಕ್ಕೆ ಆಸರೆಯಾಗಿ ಚೇಂಬರ್ ಗೋಡೆಯೂ ಇಲ್ಲ. ಒಂದೇ ಏಟಿಗೆ ಎರಡು ತಪ್ಪು.

ಹೆಸರುಗಳನ್ನು ನಂಬುವವರಿಗೆ ಇಲ್ಲೊಂದು ಮಾತು. .270 ಅಂದರೆ .270 ಇಂಚು ಗುಂಡು ಅಂದುಕೊಳ್ಳುತ್ತಾರೆ. ಗುಂಡಿನ ಅಳತೆ .277. .303 ಬ್ರಿಟಿಷ್ ಗುಂಡು .311ರ ಸುತ್ತಮುತ್ತ. .30-06ರಲ್ಲಿ 06 ಅಂದರೆ ಅಮೆರಿಕದ ಸೈನ್ಯ ಅದನ್ನು ತೆಗೆದುಕೊಂಡ 1906ನೇ ಇಸವಿ. .45-70ರಲ್ಲಿ 70 ಅಂದರೆ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. .250-3000 ಸ್ಯಾವೇಜ್‌ನಲ್ಲಿ 3000 ಅಂದರೆ ಗುಂಡಿನ ವೇಗ, ಸೆಕೆಂಡಿಗೆ ಇಷ್ಟು ಅಡಿ ಅಂತ. ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ಹೆಸರಿಟ್ಟಿದ್ದಾರೆ. ನಾವು ಅದರಲ್ಲಿ ತರ್ಕ ಹುಡುಕಬಾರದು, ಪೂರ್ತಿ ಹೆಸರನ್ನು ಅಕ್ಷರ ಬಿಡದೆ ಓದಬೇಕು ಅಷ್ಟೇ. ಡಬ್ಬಿ ನೋಡದೆ ಯಾರಾದರೂ "ತ್ರೀ ಹಂಡ್ರೆಡ್ ತಂದಿದೀನಿ" ಅಂದರೆ ನನಗೆ ಉರಿಯುತ್ತದೆ. ಯಾವ 300? 1920ರ ಸ್ಯಾವೇಜಾ, 1925ರ ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ಮಾ, ವೆದರ್‌ಬೀನಾ, 1963ರ ವಿಂಚೆಸ್ಟರ್ ಮ್ಯಾಗ್ನಮ್ಮಾ, ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್ಮಾ, ಇಲ್ಲಾ ಬ್ಲ್ಯಾಕೌಟಾ? ಎಲ್ಲದರ ಗುಂಡೂ .308 ಇಂಚಿನದೇ. ಕೇಸ್ ಮಾತ್ರ ಒಂದೊಂದೂ ಬೇರೆ.

ಈ ಬ್ಲ್ಯಾಕೌಟ್ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಈಗಿನ ಕಾಲದ ಅತಿ ಕೆಟ್ಟ ಜೋಡಿ ಇದೇ. .300 ಬ್ಲ್ಯಾಕೌಟ್ 2011ರಲ್ಲಿ ಅಧಿಕೃತವಾಯಿತು. ಅದರ ಕೇಸ್ ಅಂದರೆ .223 ರೆಮಿಂಗ್ಟನ್ ಕೇಸ್ ಅನ್ನು 45 ಮಿಲಿಮೀಟರ್‌ನಿಂದ 35ಕ್ಕೆ ಕತ್ತರಿಸಿ ಬಾಯಿ ಅಗಲ ಮಾಡಿದ್ದು. ಬೇಕಂತಲೇ ಹಾಗೆ ಮಾಡಿದ್ದಾರೆ. ಅದೇ ಮ್ಯಾಗಜಿನ್ (ರೈಫಲ್‌ಗೆ ಸಿಕ್ಕಿಸುವ ತೋಟಾ ಪೆಟ್ಟಿಗೆ), ಅದೇ ಬೋಲ್ಟ್, ಬ್ಯಾರೆಲ್ ಒಂದು ಬದಲಿಸಿದರೆ ಸಾಕು ಅನ್ನುವುದು ಅದರ ಹೆಚ್ಚುಗಾರಿಕೆ. ಜಾಣತನದ ವಿನ್ಯಾಸ, ಒಪ್ಪುತ್ತೇನೆ. ಆದರೆ ಮೇಜಿನ ಮೇಲೆ ಎರಡು ರೈಫಲ್, ಒಂದೇ ಥರದ ನಾಲ್ಕು ಮ್ಯಾಗಜಿನ್ ಇಟ್ಟುಕೊಂಡಾಗ ಅದೇ ಜಾಣತನ ಕುತ್ತಿಗೆಗೆ ಬರುತ್ತದೆ. ಬ್ಲ್ಯಾಕೌಟ್ ತೋಟಾ .223 ಚೇಂಬರ್‌ಗೆ ಹೋಗಿ ಗುಂಡು ಮುಂದೆ ಒತ್ತಿಕೊಂಡು ನಿಲ್ಲುತ್ತದೆ. ಕೆಲವು ತೋಟಾಗಳಲ್ಲಿ ಬೋಲ್ಟ್ ಅಲ್ಲೇ ಅಡ್ಡ ನಿಂತುಬಿಡುತ್ತದೆ, ಬಚಾವ್. ಇನ್ನು ಕೆಲವದರಲ್ಲಿ ಬೋಲ್ಟ್ ನುಗ್ಗುವ ರಭಸಕ್ಕೆ ಗುಂಡು ಕೇಸ್ ಒಳಕ್ಕೆ ಜಾರುತ್ತದೆ, ಬೋಲ್ಟ್ ಲಾಕ್ ಆಗುತ್ತದೆ. ಆಮೇಲೆ 7.82 ಮಿಲಿಮೀಟರ್ ಗುಂಡು 5.69 ಮಿಲಿಮೀಟರ್ ಬ್ಯಾರೆಲ್‌ನಲ್ಲಿ ಹೋಗಬೇಕು. ಹೋಗುವುದಿಲ್ಲ. ಮ್ಯಾಗಜಿನ್ ಕೆಳಗೆ ಹಾರಿ, ರಿಸೀವರ್ (ಬೋಲ್ಟ್ ಕೂರುವ ರೈಫಲ್‌ನ ಮೈ) ಹೋಳಾಗಿ, ಬೋಲ್ಟ್ ಸೀಳಿ ನಿಂತ ರೈಫಲ್‌ಗಳ ಫೋಟೋಗಳನ್ನು ನೀವೂ ನೋಡಿರುತ್ತೀರಿ.

ಇದರಲ್ಲಿ ಇನ್ನೊಂದು ಕೊಂಕಿದೆ. ತಮ್ಮ ತೋಟಾ ತಾವೇ ತುಂಬಿಕೊಳ್ಳುವವರು ಹಳೆಯ .223 ಕೇಸ್ ಕತ್ತರಿಸಿ ಬ್ಲ್ಯಾಕೌಟ್ ಮಾಡಿಕೊಳ್ಳುತ್ತಾರೆ. ಅದರ ತಳದಲ್ಲಿ ಈಗಲೂ .223 ರೆಮಿಂಗ್ಟನ್ ಅಂತಲೇ ಇರುತ್ತದೆ! ಅಂದರೆ ನಾನು ಅಷ್ಟು ನೆಚ್ಚಿಕೊಂಡಿರುವ ಹೆಡ್‌ಸ್ಟ್ಯಾಂಪ್, ಅಂದರೆ ತಳದ ಮೇಲಿನ ಅಚ್ಚು ಕೂಡ ಸುಳ್ಳು ಹೇಳಬಹುದು. ಹಾಗಾಗಿ ಕೈಯಲ್ಲಿ ತುಂಬಿದ ತೋಟಾ ತಂದವರಿಗೆ ನನ್ನ ಕಾಟ ಸ್ವಲ್ಪ ಜಾಸ್ತಿ. ಕ್ಯಾಲಿಪರ್ ತೆಗೆದು ಕೇಸ್ ಉದ್ದ, ಗುಂಡಿನ ದಪ್ಪ ಎರಡೂ ಅಳೆಯುತ್ತೇನೆ. ಎರಡೂ ಥರದ ರೈಫಲ್ ಇರುವವರು ಮ್ಯಾಗಜಿನ್‌ಗೆ ಬಣ್ಣದ ಪಟ್ಟಿ ಸುತ್ತುತ್ತಾರೆ. ಒಳ್ಳೆಯದೇ. ಆದರೆ ಎರಡನ್ನೂ ಒಂದೇ ದಿನ ತರಬೇಡಿ ಅನ್ನುವುದು ನನ್ನ ಹಟ.

"ನನ್ನ ಪರಿಚಯದವರೊಬ್ಬರು ಹಾಗೇ ಹೊಡೆದರು, ಏನೂ ಆಗಲಿಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಆಗದೇ ಇರಬಹುದು. ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಜಪಾನಿನ 6.5 ಮಿಲಿಮೀಟರ್ ಅರಿಸಾಕಾ ರೈಫಲ್ ಒಂದರ ಚೇಂಬರ್ ಅನ್ನು ಯಾರೋ .30-06ಗೆ ದೊಡ್ಡದು ಮಾಡಿದ್ದರು, ಬ್ಯಾರೆಲ್ ಮಾತ್ರ ಹಳೆಯದೇ ಬಿಟ್ಟಿದ್ದರು. ಮಾಲೀಕ ಅದರಲ್ಲಿ .30-06 ತೋಟಾಗಳನ್ನೇ ಹೊಡೆದ, ಬೇಟೆಯನ್ನೂ ಆಡಿದ. ಒದೆತ ಜಾಸ್ತಿ ಅನ್ನುವುದೊಂದೇ ಅವನ ದೂರು. .308 ಇಂಚಿನ ಗುಂಡು .264ರ ಬ್ಯಾರೆಲ್‌ನಲ್ಲಿ ನೂಲಿನ ಹಾಗೆ ಎಳೆದುಕೊಂಡು ಹೋಗುತ್ತಿತ್ತು. ಶೂಟಿಂಗ್ ಬಲ್ಲವರು ಈ ಕಥೆಯನ್ನು ಅರಿಸಾಕಾ ಎಷ್ಟು ಗಟ್ಟಿ ಅನ್ನುವುದಕ್ಕೆ ಹೇಳುತ್ತಾರೆ. ತಪ್ಪು ತೋಟಾ ಹೊಡೆಯಬಹುದು ಅನ್ನುವುದಕ್ಕೆ ಅಲ್ಲ. ಅದೇ ಕಾಲದ ಆಸುಪಾಸಿನ ಅಮೆರಿಕದ 1903 ಸ್ಪ್ರಿಂಗ್‌ಫೀಲ್ಡ್ ನೋಡಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಒಡೆದುಹೋದ ಆ ರೈಫಲ್‌ಗಳ ಪಟ್ಟಿಯನ್ನು ಅಲ್ಲಿನ ಸೈನ್ಯದ ಅಧಿಕಾರಿ ಜೂಲಿಯನ್ ಹ್ಯಾಚರ್ ಬರೆದಿಟ್ಟಿದ್ದಾರೆ. ಹಳೆಯ ರಿಸೀವರ್‌ಗಳ ಉಕ್ಕು ಪೆಡಸಾಗಿತ್ತು, ಅದು ನಿಜ. ಅದರ ಜೊತೆಗೆ ಕೆಲವು ಒಡೆದದ್ದಕ್ಕೆ ಅವರು ಕೊಡುವ ಕಾರಣ .30-06 ರೈಫಲ್‌ಗೆ ಜರ್ಮನ್ನರ 8 ಮಿಲಿಮೀಟರ್ ತೋಟಾ ಹಾಕಿದ್ದು. ನಿಮ್ಮ ಕೈಯಲ್ಲಿರುವುದು ಅರಿಸಾಕಾ ಥರದ್ದಾ, ಪೆಡಸು ಸ್ಪ್ರಿಂಗ್‌ಫೀಲ್ಡ್ ಥರದ್ದಾ ಅಂತ ಹೊರಗಿನಿಂದ ನೋಡಿ ಹೇಳುವುದು ನನ್ನಿಂದಾಗದು.

8 ಮಿಲಿಮೀಟರ್ ಅಂದೆನಲ್ಲ, ಅದರಲ್ಲೂ ಎರಡು ಜಾತಿ. ಜರ್ಮನಿಯ 1888ರ ರೈಫಲ್‌ಗೆ ಮಾಡಿದ 8×57 ತೋಟಾದ ಗುಂಡು .318 ಇಂಚು. ಆಮೇಲೆ ಬಂದದ್ದು .323. ಕೇಸ್ ನೋಡಿದರೆ ಒಂದೇ. ಹೊಸದಕ್ಕೆ ಹೆಸರಿನಲ್ಲಿ ಒಂದು 'ಎಸ್' ಅಕ್ಷರ ಸೇರಿಕೊಂಡಿದೆ, ಅಷ್ಟೇ ಗುರುತು. ಈ ಗೊಂದಲ ಎಷ್ಟು ದೊಡ್ಡದು ಅಂದರೆ, ಅಮೆರಿಕದ ತೋಟಾ ಅಳತೆಗಳನ್ನು ನಿಗದಿ ಮಾಡುವ ಸ್ಯಾಮಿ ಸಂಸ್ಥೆ 8 ಮಿಲಿಮೀಟರ್ ಮೌಸರ್‌ನ ಒತ್ತಡವನ್ನು 35,000 ಪಿಎಸ್‌ಐಗೇ ನಿಲ್ಲಿಸಿದೆ. ಯಾರಾದರೂ ಹಳೆಯ ಸಣ್ಣ ಬ್ಯಾರೆಲ್‌ನಲ್ಲಿ ಹೊಡೆದುಬಿಟ್ಟರೆ ಅಂತ. ಯೂರೋಪಿನಲ್ಲಿ ಇದೇ ಕೆಲಸ ಮಾಡುವ ಸಿಐಪಿ ಸಂಸ್ಥೆ ಅದೇ ಎಸ್ ತೋಟಾಗೆ 3,900 ಬಾರ್ ಕೊಡುತ್ತದೆ, ಅಂದರೆ 56,000 ಪಿಎಸ್‌ಐಗೂ ಮೇಲೆ. ಒಂದೇ ಹೆಸರಿನ ಎರಡು ಡಬ್ಬಿ, ಎರಡು ಖಂಡದವು. ಹಳೆಯ 1888 ಮಾದರಿ ಇರುವವರು ಬ್ಯಾರೆಲ್ ಒಳಗಿನ ಅಳತೆ ತೆಗೆಸದೆ ಯಾವುದನ್ನೂ ಹೊಡೆಯಬಾರದು.

.223 ಮತ್ತು ಸೈನ್ಯದ ತೋಟಾ ಆದ 5.56 ನೇಟೋ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಹೊರಗಿನ ಅಳತೆ ಒಂದೇ. ವ್ಯತ್ಯಾಸ ಇರುವುದು ಗುಂಡು ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಮುಟ್ಟುವ ಮುನ್ನ ಸಿಗುವ ಖಾಲಿ ಜಾಗದಲ್ಲಿ. 5.56 ಚೇಂಬರ್‌ನಲ್ಲಿ ಅದು ಜಾಸ್ತಿ. ಹಾಗಾಗಿ 5.56 ರೈಫಲ್‌ನಲ್ಲಿ .223 ಹೊಡೆಯಬಹುದು. ತಿರುಗಿಸಿ ಮಾಡಿದರೆ ಗುಂಡು ಮೊದಲೇ ಲೋಹಕ್ಕೆ ತಾಗಿ ಒತ್ತಡ ಏರಬಹುದು. "ಎಷ್ಟೋ ಜನ ಹೊಡೀತಾರೆ" ಅನ್ನುತ್ತಾರೆ. ಹೊಡೆಯಲಿ. ನನ್ನ ಮೇಜಿನಲ್ಲಿ ಬ್ಯಾರೆಲ್ ಮೇಲೆ ಬರೆದಿರುವುದೇ ಕಾನೂನು. ಎರಡಕ್ಕೂ ಆಗಬೇಕು ಅನ್ನುವವರಿಗೆ .223 ವೈಲ್ಡ್ ಅಂತಲೇ ಒಂದು ಚೇಂಬರ್ ಇದೆ. .308 ಮತ್ತು ಅದರ ಸೈನ್ಯದ ಜೋಡಿ 7.62×51 ನೇಟೋ ಕಥೆ ಬೇರೆ. ಸೈನ್ಯದ ಚೇಂಬರ್ ಒಂಚೂರು ಉದ್ದ ಇರಬಹುದು, ಸೈನ್ಯದ ಕೇಸ್ ದಪ್ಪ ಹಿತ್ತಾಳೆಯದು. ಸವೆದ ಉದ್ದ ಚೇಂಬರ್‌ನಲ್ಲಿ ತೆಳು ಕೇಸ್ ಹೊಡೆದರೆ ಅದು ತಳದ ಹತ್ತಿರ ಹಿಗ್ಗಿ ಎರಡು ತುಂಡಾಗಬಹುದು. ಖಾಲಿ ಕೇಸ್ ಹೊರಬಂದಾಗ ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಅದೇ ಮುನ್ಸೂಚನೆ. ಗೇಜ್ ಹಾಕಿಸಿ.

ರೈಫಲ್‌ನ ಆಕಾರ ನೋಡಿ ತೋಟಾ ಊಹಿಸುವವರೂ ಇದ್ದಾರೆ. ಲೀ-ಎನ್‌ಫೀಲ್ಡ್ ಥರ ಕಂಡರೆ .303 ಅಂದುಬಿಡುತ್ತಾರೆ. ಇಛಾಪುರದಲ್ಲಿ ತಯಾರಾದ 2ಎ ರೈಫಲ್ ಅದೇ ಮೈಕಟ್ಟಿನದು, ಆದರೆ 7.62 ನೇಟೋಗೆ ಮಾಡಿದ್ದು. ಮೌಸರ್ 98 ಅಂತೂ ಕೇಳಲೇಬೇಡಿ. ಅದರ ಮೇಲೆ 7×57, 8×57, .30-06, .308 ಎಲ್ಲಾ ಬ್ಯಾರೆಲ್‌ಗಳೂ ಕೂತಿವೆ.

ಸಣ್ಣವು ಅಂತ .22 ಅನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. .22 ಲಾಂಗ್ ರೈಫಲ್ ತೋಟಾವನ್ನು .22 ಮ್ಯಾಗ್ನಮ್ ಚೇಂಬರ್‌ಗೆ ಹಾಕಿದರೆ ಸುಮಾರು 0.4 ಮಿಲಿಮೀಟರ್ ಸಡಿಲ. ಒಳಗೆ ಹೋಗುತ್ತದೆ, ಕೇಸ್ ಸೀಳುತ್ತದೆ, ಅನಿಲ ಹಿಂದಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದಿದ್ದರೆ ಆ "ಸಣ್ಣದು" ಸಾಕು. .22 ಶಾರ್ಟ್ ತೋಟಾವನ್ನು ಲಾಂಗ್ ರೈಫಲ್ ಚೇಂಬರ್‌ನಲ್ಲಿ ಹೊಡೆದರೆ ಅಪಾಯವೇನಿಲ್ಲ, ಚೇಂಬರ್ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ತೋಟಾ ಹೋಗಲು ಒದ್ದಾಡುತ್ತದೆ. ಉಜ್ಜಿ ತೆಗೆಯಬೇಕು.

ಈಚೆಗೆ ಒಬ್ಬ ಹುಡುಗ ತಾತನ ರೈಫಲ್ ತಂದಿದ್ದ. ಬ್ಯಾರೆಲ್ ಮೇಲೆ ಒಂದು ಹೆಸರು ಕೆತ್ತಿ, ಅದರ ಮೇಲೆ ಉಳಿಯಿಂದ ಗೀಚಿ, ಪಕ್ಕದಲ್ಲಿ ಇನ್ನೇನೋ ಕೈಯಲ್ಲಿ ಕೊರೆದಿತ್ತು. ಅವನ ಹತ್ತಿರ ಎರಡು ಥರದ ಡಬ್ಬಿ. "ಯಾವುದು ಹೋಗುತ್ತೋ ನೋಡೋಣ ಆಂಟಿ" ಅಂದ. ನೋಡಲಿಲ್ಲ. ರೈಫಲ್ ಅನ್ನು ಬಂದೂಕು ರಿಪೇರಿ ಬಲ್ಲವರ ಹತ್ತಿರ ಕಳಿಸಿದೆವು. ಅವರು ಮಾಡುವ ಕೆಲಸ ನೋಡುವುದಕ್ಕೇ ಚೆಂದ. ಸೆರೋಸೇಫ್ ಅಂತ ಒಂದು ಮಿಶ್ರಲೋಹ ಇದೆ, ಕುದಿಯುವ ನೀರಿಗಿಂತ ಕಡಿಮೆ ಬಿಸಿಗೇ ಕರಗುತ್ತದೆ. ಬ್ಯಾರೆಲ್ ಒಳಗೆ ಸ್ವಲ್ಪ ಮುಂದೆ ಬಟ್ಟೆಯ ಅಡ್ಡ ಇಟ್ಟು ಚೇಂಬರ್‌ಗೆ ಇದನ್ನು ಹುಯ್ಯುತ್ತಾರೆ. ಗಟ್ಟಿಯಾದ ಮೇಲೆ ತಟ್ಟಿದರೆ ಚೇಂಬರ್‌ನ ಅಚ್ಚು ಹೊರಗೆ ಬರುತ್ತದೆ. ಮೊದಲು ಅದು ಒಂಚೂರು ಕುಗ್ಗಿರುತ್ತದೆ, ಅದಕ್ಕೇ ಸುಲಭವಾಗಿ ಬಿಡುತ್ತದೆ. ಮತ್ತೆ ಮೆಲ್ಲಗೆ ಹಿಗ್ಗುತ್ತಾ ಸುಮಾರು ಒಂದು ಗಂಟೆಗೆ ಚೇಂಬರ್‌ನ ನಿಜವಾದ ಅಳತೆಗೆ ಬರುತ್ತದೆ. ಆಗ ಕ್ಯಾಲಿಪರ್ ಹಾಕಿ ಕತ್ತು, ಭುಜ, ಉದ್ದ ಎಲ್ಲಾ ಬರೆದುಕೊಳ್ಳುತ್ತಾರೆ. ಆ ಹುಡುಗ ತಂದ ಎರಡು ಡಬ್ಬಿಗಳಲ್ಲಿ ಯಾವುದೂ ಆ ಚೇಂಬರ್‌ನದಾಗಿರಲಿಲ್ಲ.

ನನ್ನ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಥರದ ತೋಟಾ ಇರಬೇಕು. ಇನ್ನೊಂದು ರೈಫಲ್ ತೆಗೆಯುವ ಮುಂಚೆ ಮೊದಲನೆಯದರ ಡಬ್ಬಿ ಮುಚ್ಚಿ ಚೀಲಕ್ಕೆ ಹೋಗಬೇಕು. ಜೇಬಿನಲ್ಲಿ ಬಿಡಿ ತೋಟಾ ತರಬಾರದು. ಶಾಟ್‌ಗನ್ ಹೊಡೆಯುವವರಿಗೆ ಈ ಕೊನೆಯದು ಪ್ರಾಣದ ವಿಷಯ. ಬೋರ್ ಸಂಖ್ಯೆ ದೊಡ್ಡದಾದಷ್ಟೂ ತೋಟಾ ಸಣ್ಣದು, ಹಾಗಾಗಿ 20 ಬೋರ್ ತೋಟಾ 12 ಬೋರ್ ಚೇಂಬರ್ ದಾಟಿ ಜಾರಿ ಬ್ಯಾರೆಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಅದರ ಹಿಂದೆ 12 ಹಾಕಿ ಹೊಡೆದರೆ ಬ್ಯಾರೆಲ್ ಬಾಳೆಹಣ್ಣು ಸುಲಿದ ಹಾಗೆ ಬಿಚ್ಚಿಕೊಳ್ಳುತ್ತದೆ. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಇಡುವುದು ಇದೇ ಕಾರಣಕ್ಕೆ.

ಹೊಡೆಯುವಾಗ ಸದ್ದು ಬೇರೆಯಾಗಿ ಕೇಳಿಸಿದರೆ, ಒದೆತ ಕಡಿಮೆ ಅನಿಸಿದರೆ, ಮುಖಕ್ಕೆ ಬಿಸಿ ಗಾಳಿ ತಾಗಿದರೆ, ಖಾಲಿ ಕೇಸ್‌ನ ಕತ್ತು ಮಾಯವಾಗಿ ನೆಟ್ಟಗಿನ ಕೊಳವೆಯ ಹಾಗೆ ಹೊರಬಂದರೆ ಅಲ್ಲಿಗೇ ನಿಲ್ಲಿಸಿ. ಟ್ರಿಗರ್ ಒತ್ತಿಯೂ ಗುಂಡು ಹೋಗದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ. ಆಮೇಲೆ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಬ್ಯಾರೆಲ್ ಒಳಗೆ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಗುಂಡು ಒಳಗೇ ಇದೆ. ಮತ್ತೊಂದು ಹೊಡೆದು ಅದನ್ನು ಆಚೆ ತಳ್ಳುವ ಯೋಚನೆ ಮಾಡಬೇಡಿ, ನನ್ನನ್ನು ಕರೆಯಿರಿ.